ಇಳಿಯಲು ಜಾಗವಿಲ್ಲದ ದಾರಿ

ಬೆಂಗಳೂರು–ಮೈಸೂರು ನಡುವಿನ ಊರುಗಳನ್ನು ಬೆಳೆಸಿದ್ದೇ ದಾರಿ. ಇಂದಿನ ರಾಮನಗರ ಹುಟ್ಟಿದ್ದು 1800ರಲ್ಲಿ, ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, ಕಾಡಿನ ನಡುವೆ ಹಾಯುತ್ತಿದ್ದ ಹೆದ್ದಾರಿಗೆ ಕಾವಲಾಗಲೆಂದು. ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನಿಂದ ಅದು ಬಹುಕಾಲ ಕ್ಲೋಸ್‌ಪೇಟೆಯಾಗಿತ್ತು. ಆಮೇಲೆ ರೈಲು ಬಂತು, ಮದ್ದೂರಿನ ನಿಲ್ದಾಣದಿಂದ ಮದ್ದೂರು ವಡೆ ಹೆಸರಾಯಿತು. ಅಕ್ಕಿಹಿಟ್ಟು, ರವೆ, ಮೈದಾಕ್ಕೆ ಈರುಳ್ಳಿ ಬೆರೆಸಿ, ತಟ್ಟಿ, ಗರಿಗರಿಯಾಗಿ ಕರಿದ ಆ ವಡೆಗೆ ತಟ್ಟೆಯೂ ಬೇಡ, ಚಟ್ನಿಯೂ ಬೇಡ. ರೈಲು ಹೊರಡುವಷ್ಟರಲ್ಲಿ ಕಿಟಕಿಯೊಳಗೆ ಕೊಟ್ಟರಾಯಿತು. ಚನ್ನಪಟ್ಟಣದವರು ಹಾಲೆ ಮರವನ್ನು ಕಡೆದು, ಅದು ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತಿ ಮಾಡುವ ಬೊಂಬೆಗಳೂ ರಸ್ತೆ ಬದಿಯ ಅಂಗಡಿಗಳಲ್ಲಿ ದಾರಿಹೋಕರನ್ನೇ ಕಾಯುತ್ತಿದ್ದವು.

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಈ ಊರುಗಳನ್ನು ಬೈಪಾಸ್, ಮೇಲ್ಸೇತುವೆಗಳಲ್ಲಿ ದಾಟಿಹೋಗುತ್ತದೆ. ದಾರಿ ಬದಲಾದಾಗ ಪೇಟೆಯೂ ಬದಲಾಗುವುದು ಸಹಜ, ರೈಲು ಬಂದಾಗಲೂ ಹೀಗೇ ಆಗಿತ್ತಲ್ಲ ಎಂಬ ವಾದವಿದೆ. ಅದು ಅರ್ಧ ಮಾತ್ರ ನಿಜ. ರೈಲು ಹಳೆಯ ವ್ಯಾಪಾರವನ್ನು ಕದಲಿಸಿದ್ದರೂ ಊರೂರಿಗೆ ನಿಲ್ದಾಣ ಕೊಟ್ಟಿತು. ಈ ಹೆದ್ದಾರಿಯಲ್ಲಿ ಇಳಿಯುವ ದಾರಿಗಳೇ ಬೆರಳೆಣಿಕೆಯಷ್ಟು. ಜಮೀನು ಬಿಟ್ಟುಕೊಟ್ಟವರಿಗೆ ಪರಿಹಾರದ ಲೆಕ್ಕವಿತ್ತು. ಗಿರಾಕಿಯನ್ನು ಕಳೆದುಕೊಂಡ ಬೊಂಬೆ ಅಂಗಡಿಗೆ, ಹೋಟೆಲಿನ ಮಾಣಿಗೆ, ಎಳನೀರು ಮಾರುವವಳಿಗೆ ಯಾವ ಲೆಕ್ಕವೂ ಇರಲಿಲ್ಲ.

ಹಳೆಯ ರಸ್ತೆಯನ್ನು ಹಾಗೇ ಬಿಡಬೇಕಿತ್ತೆಂದು ನಾನು ಹೇಳುತ್ತಿಲ್ಲ. ಲಾರಿಗಳ ಹೊಗೆ ಕುಡಿದವರು, ಜೀವ ಕೈಯಲ್ಲಿ ಹಿಡಿದು ರಸ್ತೆ ದಾಟಿದವರು ಆ ಊರಿನವರೇ. ಮೂರು ಗಂಟೆಯ ಪ್ರಯಾಣ ಅರ್ಧಕ್ಕಿಳಿದರೆ ಆಂಬುಲೆನ್ಸಿನಲ್ಲಿ ಮಲಗಿದವರಿಗೂ ಅನುಕೂಲ. ಆದರೆ ಊರಿನಿಂದ ತೆಗೆದ ಭಾರವನ್ನು ಬೈಪಾಸು ಹೊಲ, ಕೆರೆಗಳ ಮೇಲೆ ಇಳಿಸುತ್ತದೆ. ಒಂದು ಕೆರೆಯ ಕೋಡಿ ನೀರು ಇನ್ನೊಂದಕ್ಕೆ ಹರಿಯುವ ಈ ಸೀಮೆಯಲ್ಲಿ ಎತ್ತರದ ರಸ್ತೆಯೆಂದರೆ ಉದ್ದಕ್ಕೂ ಕಟ್ಟಿದ ಏರಿ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಹೆದ್ದಾರಿಯೇ ಮುಳುಗಿತು. ಅಂದಿನ ಮಳೆ ಅಸಾಧಾರಣವಾಗಿತ್ತು, ಒಪ್ಪೋಣ. ಆದರೆ ಮರು ಮಾರ್ಚಿನಲ್ಲಿ, ಉದ್ಘಾಟನೆಯಾಗಿ ವಾರ ತುಂಬುವ ಮೊದಲೇ, ಮತ್ತೆ ನೀರು ನಿಂತಿತು. ಹಳ್ಳಿಯವರು ಓಡಾಡಲು ಚರಂಡಿಗೆ ಮಣ್ಣು ತುಂಬಿ ದಾರಿ ಮಾಡಿಕೊಂಡದ್ದೇ ಕಾರಣವೆಂದಿತು ಹೆದ್ದಾರಿ ಪ್ರಾಧಿಕಾರ. ಆ ಸಮಜಾಯಿಷಿಯನ್ನು ಪೂರ್ತಿ ನಂಬಿದರೂ ಒಂದು ಪ್ರಶ್ನೆ ಉಳಿಯುತ್ತದೆ: ಓಡಾಡುವ ದಾರಿಯಿದ್ದವರು ಚರಂಡಿಗೆ ಮಣ್ಣು ಸುರಿಯುತ್ತಾರೆಯೇ? ನಕ್ಷೆಯಲ್ಲಿ ನೀರಿನ ದಾರಿಯೂ ಜನರ ದಾರಿಯೂ ಒಟ್ಟೊಟ್ಟಿಗೆ ಮೂಡಬೇಕಿತ್ತು.

2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ಹೊರಗಿಟ್ಟರು. ಅಪಘಾತಗಳನ್ನು ನೋಡಿದರೆ ಅದು ಸರಿಯಾದ ನಿರ್ಧಾರವೇ. ಆದರೆ ಅವುಗಳಿಗೆ ಉಳಿದ ಸರ್ವಿಸ್ ರಸ್ತೆ ಕೆಲವೆಡೆ ಸೇತುವೆಗಳ ಬಳಿ ತುಂಡಾಗಿತ್ತು. ಹೆದ್ದಾರಿಗೆ ಹೊಲ ಕೊಟ್ಟ ರೈತ ಉಳಿದ ಹೊಲಕ್ಕೆ ಟ್ರ್ಯಾಕ್ಟರ್ ಒಯ್ಯಲು ಸುತ್ತಿ ಬಳಸಿ ಹೋಗಬೇಕಾದರೆ, ಆ ಡೀಸೆಲಿನ ಖರ್ಚನ್ನೂ ಯೋಜನೆಯ ವೆಚ್ಚಕ್ಕೇ ಸೇರಿಸಬೇಕು.