ಮನೆಯಂಗಳದ ಹುಲ್ಲುಹಾಸು: ಅದರ ಚರಿತ್ರೆಯೂ ವಸಂತಕಾಲದ ಪೋಷಣೆಯೂ

ಮನೆಯ ಮುಂದಿನ ಅಂಗಳದಲ್ಲಿ ಹುಲ್ಲನ್ನು ಹಾಸಿನಂತೆ ಬೆಳೆಸಿ, ವಸಂತವು ಬಂದೊಡನೆ ಅದನ್ನು ಬಾಚಿ, ಸವರಿ, ಗೊಬ್ಬರವಿಟ್ಟು ಪೋಷಿಸುವ ಪದ್ಧತಿಯು ಇಂದು ನಾನಾ ದೇಶಗಳಲ್ಲಿ ಹರಡಿದ್ದರೂ, ಅದು ಈಗಿನ ರೂಪವನ್ನು ತಾಳಿದುದು ಇಂಗ್ಲೆಂಡಿನ ತಂಪಾದ ಹವೆಯಲ್ಲಿ, ಅಲ್ಲಿನ ಭೂಮಾಲಿಕರ ಆಶ್ರಯದಲ್ಲಿ. ಪ್ರಭುಗಳ ಉದ್ಯಾನದಿಂದ ಈ ಹುಲ್ಲುಹಾಸು ಸಾಮಾನ್ಯ ಗೃಹಸ್ಥನ ಅಂಗಳಕ್ಕೆ ಇಳಿದು ಬಂದ ಬಗೆ ಯಾವುದು, ಅದರೊಡನೆ ಬಂದ ವಸಂತದ ವಿಧಿಗಳಿಗೆ ಆಧಾರವೇನು, ಅವು ನಮ್ಮ ನೆಲಕ್ಕೆ ಎಷ್ಟರಮಟ್ಟಿಗೆ ಸಲ್ಲುತ್ತವೆ ಎಂಬುದೇ ಇಲ್ಲಿಯ ವಿಚಾರ.

ಫ್ರಾನ್ಸಿಸ್ ಬೇಕನ್ನನು 1625ರಲ್ಲಿ ಪ್ರಕಟವಾದ ತನ್ನ ಉದ್ಯಾನವಿಷಯಕ ಪ್ರಬಂಧದಲ್ಲಿ, ಸುಮಾರು 30 ಎಕರೆಯ ರಾಜೋಚಿತವಾದ ತೋಟವೊಂದನ್ನು ಕಲ್ಪಿಸಿ, ಅದರ ಮುಂಭಾಗದ 4 ಎಕರೆಯನ್ನು ಕೇವಲ ಕತ್ತರಿಸಿದ ಹುಲ್ಲಿಗೆ ಮೀಸಲಿಟ್ಟನು. ಹದಿನೆಂಟನೆಯ ಶತಮಾನದಲ್ಲಿ ‘ಕೇಪಬಿಲಿಟಿ’ ಬ್ರೌನನು ಹೂವಿನ ಪಾತಿಗಳನ್ನು ದೂರ ಸರಿಸಿ, ಹಸುರನ್ನು ಅರಮನೆಯ ಗೋಡೆಯವರೆಗೂ ತಂದನು. ಆ ವಿಸ್ತಾರವನ್ನು ತಗ್ಗಾಗಿ ಇಡುತ್ತಿದ್ದವರು ಇಬ್ಬರು: ದೂರದಲ್ಲಿ ಮೇಯುವ ಕುರಿಮಂದೆ, ಸಮೀಪದಲ್ಲಿ ಉದ್ದನೆಯ ಹಿಡಿಯ ಕುಡುಗೋಲನ್ನು ಬೀಸುವ ಕೂಲಿಯಾಳು. ಹುಲ್ಲು ಒಣಗಿದ್ದರೆ ಅಲಗಿಗೆ ಬಾಗಿ ತಪ್ಪಿಸಿಕೊಳ್ಳುವುದರಿಂದ, ಇಬ್ಬನಿಯು ಆರುವ ಮೊದಲೇ, ನಸುಕಿನಲ್ಲಿ, ಆತನ ಕೆಲಸ ನಡೆಯಬೇಕಾಗಿತ್ತು. ಇಷ್ಟು ಜನರ ದುಡಿಮೆಯನ್ನು ಬೇಡುತ್ತಿದ್ದ ವಸ್ತುವು ಸಾಮಾನ್ಯನ ಮನೆಗೆ ಬರುವುದು ಶಕ್ಯವೇ ಇರಲಿಲ್ಲ.

ಈ ಸ್ಥಿತಿಯನ್ನು ಬದಲಿಸಿದವನು ತೋಟಗಾರನಲ್ಲ, ಯಂತ್ರಕುಶಲಿ. ಗ್ಲಾಸ್ಟರ್‌ಷೈರಿನ ಸ್ಟ್ರೌಡ್ ಪ್ರಾಂತವು ಉಣ್ಣೆಯ ಗಿರಣಿಗಳಿಗೆ ಹೆಸರಾಗಿತ್ತು. ಅಲ್ಲಿ ನೇಯ್ದ ಬಟ್ಟೆಯ ಮೇಲೆದ್ದ ನವುರು ಎಳೆಗಳನ್ನು ತಿರುಗುವ ಅಲಗುಗಳಿಂದ ಸಮನಾಗಿ ಸವರುವ ಯಂತ್ರವನ್ನು ಕಂಡಿದ್ದ ಎಡ್ವಿನ್ ಬಡ್ಡಿಂಗನು ಅದೇ ತತ್ತ್ವವನ್ನು ಹುಲ್ಲಿಗೆ ಅನ್ವಯಿಸಿ, 1830ರಲ್ಲಿ ಪೇಟೆಂಟನ್ನು ಪಡೆದನು. ಅವನ ಯಂತ್ರವು ಎರಕದ ಕಬ್ಬಿಣದ್ದು. ಹತ್ತೊಂಬತ್ತು ಅಂಗುಲ ಅಗಲದ್ದು. ಹಿಂದಿನಿಂದ ನೂಕಿದರೆ ನೆಲದ ಮೇಲೆ ಉರುಳುವ ದೊಡ್ಡ ಉರುಳೆಯು ಹಲ್ಲುಚಕ್ರಗಳ ಮೂಲಕ ಅಲಗುಗಳ ಸಿಲಿಂಡರನ್ನು ತಿರುಗಿಸುತ್ತಿತ್ತು. ಕತ್ತರಿಸಿದ ಹುಲ್ಲು ಮುಂದಣ ತಟ್ಟೆಗೆ ಬೀಳುತ್ತಿತ್ತು. ಒಬ್ಬನಿಂದ ನೂಕುವುದು ಕಷ್ಟವಾದರೆ ಮುಂದಿನಿಂದ ಇನ್ನೊಬ್ಬನು ಎಳೆಯುವುದಕ್ಕೆ ಬೇರೊಂದು ಹಿಡಿಯೂ ಇತ್ತು. ಮೊದಮೊದಲು ಇದನ್ನು ಕೊಂಡವುಗಳಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮೃಗಾಲಯವೂ ಒಂದು. 1832ರಿಂದ ಇಪ್ಸ್ವಿಚ್ಚಿನ ರ‍್ಯಾನ್ಸಮ್ ಸಂಸ್ಥೆಯೂ ಇದನ್ನು ತಯಾರಿಸತೊಡಗಿತು. ಒಣಹುಲ್ಲನ್ನೂ ಕತ್ತರಿಸಬಲ್ಲ ಈ ಯಂತ್ರದಿಂದ, ನಸುಕಿನ ಕೂಲಿಯಾಳಿನ ಕೆಲಸವು ಮನೆಯೊಡೆಯನ ಸಂಜೆಯ ವ್ಯಾಯಾಮವಾಗಿ ಪರಿಣಮಿಸಿತು.

ಅದೇ ಕಾಲದಲ್ಲಿ ನಗರಗಳ ಹೊರವಲಯಗಳಲ್ಲಿ ಮಧ್ಯಮವರ್ಗದವರ ಸಣ್ಣ ಸಣ್ಣ ಮನೆಗಳು ಏಳುತ್ತಿದ್ದವು. ಅಂಥವರಿಗೆಂದೇ ಜಾನ್ ಕ್ಲಾಡಿಯಸ್ ಲೌಡನ್ನನು 1838ರಲ್ಲಿ ಗ್ರಂಥವೊಂದನ್ನು ಹೊರತಂದನು. ಆತನ ಪತ್ನಿ ಜೇನ್ ಲೌಡನ್ನಳು 1840ರಲ್ಲಿ ಸ್ತ್ರೀಯರಿಗಾಗಿ ತೋಟಗಾರಿಕೆಯ ಕೈಪಿಡಿಯನ್ನು ಬರೆದಳು. ಯಂತ್ರವೂ ಮುದ್ರಿತ ಉಪದೇಶವೂ ಹೀಗೆ ಕೂಡಿದುದರಿಂದಲೇ ಹುಲ್ಲುಹಾಸು ಮನೆಮನೆಯ ಸ್ವತ್ತಾಯಿತು.

ಈ ಕೈಪಿಡಿಗಳ ಪರಂಪರೆಯು ವಿಧಿಸುವ ವಸಂತದ ಕೆಲಸಗಳಿಗೆ ಹುಲ್ಲಿನ ಸ್ವಭಾವವೇ ಪ್ರಮಾಣ. ಇತರ ಅನೇಕ ಸಸ್ಯಗಳು ತುದಿಯಿಂದ ಬೆಳೆದರೆ, ಹುಲ್ಲಿನ ಬೆಳೆಯುವ ಭಾಗವು ನೆಲಕ್ಕೆ ಅಂಟಿಕೊಂಡು ಬುಡದಲ್ಲಿರುವುದು; ಆದುದರಿಂದಲೇ ತಲೆಯನ್ನು ಎಷ್ಟು ಸಲ ಸವರಿದರೂ ಅದು ಸಾಯದೆ ಬುಡದಿಂದ ಮತ್ತೆ ಚಿಗುರುತ್ತದೆ. ಇಂಗ್ಲೆಂಡಿನ ಹುಲ್ಲುಗಳು, ಮಣ್ಣಿನ ಉಷ್ಣತೆಯು ಸುಮಾರು 6 ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟುತ್ತಲೇ, ಅಂದರೆ ಸಾಮಾನ್ಯವಾಗಿ ಮಾರ್ಚಿಯಲ್ಲಿ, ಬೆಳೆಯತೊಡಗುತ್ತವೆ. ಚಳಿಗಾಲದಲ್ಲಿ ಸೇರಿಕೊಂಡ ಹಾವಸೆಯನ್ನೂ ಸತ್ತ ಎಸಳುಗಳನ್ನೂ ಬಾಚಿ ತೆಗೆಯುವುದು, ಗಟ್ಟಿಯಾದ ನೆಲವನ್ನು ಚುಚ್ಚಿ ಗಾಳಿ ಆಡಿಸುವುದು, ಬೋಳಾದ ಕಡೆ ಬೀಜ ಚೆಲ್ಲುವುದು, ಮೊದಲ ಕತ್ತರಿಕೆಯಲ್ಲಿ ಅಲಗನ್ನು ಎತ್ತರಿಸಿ ತುದಿಯನ್ನಷ್ಟೇ ಸವರುವುದು ಎಂಬಿವು ಆ ಎಚ್ಚರಕ್ಕೆ ನೆರವಾಗುವ ಉಪಚಾರಗಳು.

ಗೊಬ್ಬರದ ವಿಷಯದಲ್ಲಿ ಮಾತ್ರ ಇತಿಹಾಸವು ಬೇರೊಂದು ಪಾಠವನ್ನು ಹೇಳುತ್ತದೆ. ಹರ್ಟ್‌ಫರ್ಡ್‌ಷೈರಿನ ರಾಥಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬವರು 1856ರಲ್ಲಿ ಹುಲ್ಲುಗಾವಲಿನ ಮೇಲೆ ಆರಂಭಿಸಿದ ಪ್ರಯೋಗವು, ಸಾರಜನಕದ ಗೊಬ್ಬರವನ್ನು ಹೇರಳವಾಗಿ ಉಂಡ ಪಟ್ಟಿಗಳಲ್ಲಿ ಕೆಲವೇ ಜಾತಿಯ ಹುಲ್ಲುಗಳು ಉಳಿದು, ಏನನ್ನೂ ಉಣ್ಣದ ಪಟ್ಟಿಗಳಲ್ಲಿ ಬಗೆಬಗೆಯ ಸಸ್ಯಗಳು ಬಾಳಿದುವೆಂಬುದನ್ನು ತೋರಿಸಿತು. ಎರಡನೆಯ ಮಹಾಯುದ್ಧದ ತರುವಾಯ ಪೇಟೆಗೆ ಬಂದ 2,4-ಡಿ ಎಂಬ ಕಳೆನಾಶಕವು ಕಳೆಯೊಡನೆ ಕ್ಲೋವರನ್ನೂ ಕೊಂದಿತು. ಬೇರುಗಂಟುಗಳ ಸೂಕ್ಷ್ಮಜೀವಿಗಳಿಂದ ಗಾಳಿಯ ಸಾರಜನಕವನ್ನು ನೆಲಕ್ಕೆ ಕೂಡಿಸುತ್ತಿದ್ದ ಆ ಗಿಡವು ಹೋದ ಮೇಲೆ, ಅದು ಬಿಟ್ಟಿಯಾಗಿ ಕೊಡುತ್ತಿದ್ದುದನ್ನು ಚೀಲದಲ್ಲಿ ಕೊಂಡು ತರಬೇಕಾಯಿತು.

ನಮ್ಮ ನಾಡಿಗೆ ಈ ಪದ್ಧತಿಯು ಬಂದುದು ದಂಡು ಪ್ರದೇಶದ ಬಂಗಲೆಗಳೊಡನೆ. ಸುಮಾರು 3,000 ಅಡಿ ಎತ್ತರದ ಬೆಂಗಳೂರಿನ ಹಿತವಾದ ಹವೆಯು ಅದಕ್ಕೆ ಒಗ್ಗಿತು. ಕ್ಯೂ ಉದ್ಯಾನದಲ್ಲಿ ಪಳಗಿದ್ದ ಕ್ರುಂಬಿಗಲ್ಲರು 1908ರಲ್ಲಿ ಲಾಲ್‌ಬಾಗಿಗೆ ಬಂದ ಮೇಲೆ ನಗರದ ಉದ್ಯಾನಕಲೆಗೆ ಹೊಸ ಶಿಸ್ತು ದೊರೆಯಿತು. ಆದರೆ ಇಲ್ಲಿಯ ಹುಲ್ಲು ಬೇರೆ, ಋತುವೂ ಬೇರೆ. ಗಣಪತಿಯ ಪೂಜೆಗೆ ಸಲ್ಲುವ ನಮ್ಮ ಗರಿಕೆಯು ಶೀತವನ್ನಲ್ಲ, ಸೆಕೆಯನ್ನು ಬಯಸುವಂಥದು. ಬೀಜಕ್ಕಿಂತ ಹೆಚ್ಚಾಗಿ ನೆಲದ ಮೇಲೂ ಒಳಗೂ ಹರಿಯುವ ಕಾಂಡಗಳಿಂದ ಹಬ್ಬುವಂಥದು. ಅದನ್ನು ಗೇಣುದ್ದಕ್ಕಿಂತ ಸಣ್ಣ ತುಂಡುಗಳಾಗಿ ಕೊಚ್ಚಿ, ಮಣ್ಣು, ಸಗಣಿ, ನೀರುಗಳೊಡನೆ ಕಲಸಿ, ಹದಮಾಡಿದ ನೆಲಕ್ಕೆ ಬಳಿಯುವ ಕ್ರಮವು ಭಾರತದ ಮಾಲಿಗಳಲ್ಲಿ ಇದೆ. ಇಂಗ್ಲೆಂಡಿನ ವಸಂತವು ತೇವದ ಕಾಲ; ನಮ್ಮ ಯುಗಾದಿಯ ದಿನಗಳಾದರೋ ನೆಲವು ಬಿರಿಯುವ ಬೇಸಗೆಯ ಬಾಗಿಲು. ಅಲ್ಲಿಯ ಮಾರ್ಚಿಯ ವಿಧಿಗಳನ್ನು ಇಲ್ಲಿಯ ಮಾರ್ಚಿಯಲ್ಲಿ ಆಚರಿಸುವುದೆಂದರೆ ಬಾವಿಯ ನೀರನ್ನು ವ್ಯರ್ಥವಾಗಿ ಚೆಲ್ಲುವುದೇ ಸರಿ.

ಆದುದರಿಂದ ಅಂಗಳವುಳ್ಳ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ: ಯಂತ್ರವನ್ನು ಇಂಗ್ಲೆಂಡಿನಿಂದ ಧಾರಾಳವಾಗಿ ಸ್ವೀಕರಿಸಿರಿ, ಪಂಚಾಂಗವನ್ನು ಸ್ವೀಕರಿಸಬೇಡಿರಿ. ಗರಿಕೆಯನ್ನೇ ಆರಿಸಿ, ಮುಂಗಾರಿನ ಮೊದಲ ಹದಮಳೆಯಲ್ಲಿ ನೆಟ್ಟು, ಬೇಸಗೆಯಲ್ಲಿ ಅದು ಕಂದಿದರೆ ಕಂದಲು ಬಿಡಿರಿ. ಮಳೆ ಬಿದ್ದ ಮೇಲೆ ಅದು ತಾನಾಗಿ ಚಿಗುರುವುದು.