ಮೈಬಣ್ಣವೇ ಸಾಕ್ಷಿಯಾದಾಗ

ಜಾನ್ ಫೋರ್ಡ್ ನಿರ್ದೇಶಿಸಿದ 'ಸಾರ್ಜೆಂಟ್ ರಟ್ಲೆಜ್' (1960) ವೆಸ್ಟರ್ನ್ ಚಿತ್ರವೂ ಹೌದು, ಕೊಲೆಗಾರನನ್ನು ಹುಡುಕುವ ಪತ್ತೇದಾರಿ ಕಥೆಯೂ ಹೌದು. 1881ರ ಅರಿಝೋನಾದಲ್ಲಿ ಒಂಬತ್ತನೇ ಅಶ್ವದಳದ ಕಪ್ಪು ಸಾರ್ಜೆಂಟನ ಮೇಲೆ ಬಿಳಿಯ ಹುಡುಗಿಯ ಅತ್ಯಾಚಾರ, ಕೊಲೆಯ ಆರೋಪ ಬರುತ್ತದೆ. ಅವಳ ತಂದೆ ಮೇಜರನನ್ನು ಕೊಂದ ಆರೋಪವೂ ಸೇರುತ್ತದೆ. ತನ್ನ ಮಾತನ್ನು ಯಾರೂ ನಂಬಲಾರರೆಂದು ಅವನು ಓಡುತ್ತಾನೆ. ಆ ಓಟವೇ ಅಪರಾಧಕ್ಕೆ ಪುರಾವೆಯಾಗುತ್ತದೆ! ಕೊನೆಗೆ ಮಿಲಿಟರಿ ನ್ಯಾಯಾಲಯದಲ್ಲಿ ಹುಡುಗಿಯ ಕೊಲೆಯನ್ನು ಒಪ್ಪಿಕೊಳ್ಳುವವನು ಒಬ್ಬ ಬಿಳಿಯ ವ್ಯಾಪಾರಿ.

ಈ ಅಶ್ವದಳ ಬರಿಯ ಕಲ್ಪನೆಯಲ್ಲ. ಅಂತರ್ಯುದ್ಧದ ಬಳಿಕ, 1866ರಲ್ಲಿ ಅಮೆರಿಕ ಕಪ್ಪು ಸೈನಿಕರ ರೆಜಿಮೆಂಟುಗಳನ್ನು ಕಟ್ಟಿತು. ಅವರಲ್ಲಿ ಅನೇಕರು ನಿನ್ನೆಯ ಗುಲಾಮರು. ವಿಪರ್ಯಾಸವೆಂದರೆ, ದಾಸ್ಯದಿಂದ ಬಿಡುಗಡೆ ಹೊಂದಿದವರನ್ನೇ ಮೂಲನಿವಾಸಿಗಳ ನೆಲ ಕಸಿಯುವ ಯುದ್ಧಕ್ಕೆ ದೂಡಲಾಯಿತು. ಚಿತ್ರದಲ್ಲೂ ಅಪಾಚೆಗಳು ಕೇವಲ ಶತ್ರುಗಳು.

ಚಿತ್ರ ಬರುವ ಐದು ವರ್ಷ ಮೊದಲು, 1955ರಲ್ಲಿ, ಮಿಸಿಸಿಪ್ಪಿಯಲ್ಲಿ 14 ವರ್ಷದ ಎಮೆಟ್ ಟಿಲ್‌ನನ್ನು ಕೊಂದವರನ್ನು ಬಿಳಿಯರೇ ತುಂಬಿದ್ದ ಜ್ಯೂರಿ ಖುಲಾಸೆಗೊಳಿಸಿತ್ತು. ರಟ್ಲೆಜ್‌ನಿಗೆ ತೆರೆಯ ಮೇಲೆ ನ್ಯಾಯ ದಕ್ಕಿತು. ಆದರೆ ಆ ಪಾತ್ರಕ್ಕೆ ಜೀವ ತುಂಬಿದ ವುಡಿ ಸ್ಟ್ರೋಡ್‌ನ ಹೆಸರು ತಾರಾಪಟ್ಟಿಯಲ್ಲಿ ಬಂದದ್ದು ಬಿಳಿಯ ನಟರ ನಂತರವೇ. ಆರೋಪಿ ಯಾರೆಂದು ತಿಳಿದೊಡನೆ ತೀರ್ಪು ಕೊಡುವ ಸಮಾಜದಲ್ಲಿ ಸತ್ಯ ಹೊರಬರಲು ನಿಜವಾದ ಕೊಲೆಗಾರನೇ ಬಾಯಿ ಬಿಡಬೇಕೇ?