1962ಕ್ಕಿಂತ ಹಿಂದೆ: ಚಿಕ್ಕೋಡಿ ಸೀಮೆಯ ವಿಪತ್ತು ರಕ್ಷಣಾ ತರಬೇತಿಯ ಮೂಲ

2025ರ ಮೇ 7ರಂದು ದೇಶದಾದ್ಯಂತ ಸೈರನ್ ಮೊಳಗಿಸಿ ಅಣಕು ಕಾರ್ಯಾಚರಣೆ ನಡೆಸಿದಾಗ ಕರ್ನಾಟಕದಿಂದ ಆಯ್ಕೆಯಾದದ್ದು ಬೆಂಗಳೂರು, ಕಾರವಾರ ಮತ್ತು ರಾಯಚೂರು. ಇಂಥ ಸಂದರ್ಭ ಬಂದಾಗಲೆಲ್ಲ ನಮ್ಮವರು ಒಪ್ಪಿಸುವ ವಂಶಾವಳಿ ಒಂದೇ: 1962ರ ಚೀನಾ ಯುದ್ಧ, ಅದೇ ವರ್ಷದ ಮೈಸೂರು ಗೃಹರಕ್ಷಕ ದಳ ಕಾಯ್ದೆ, 1968ರ ಪೌರ ರಕ್ಷಣಾ ಕಾಯ್ದೆ, 1971ರ ಯುದ್ಧ, ಕೊನೆಗೆ 2008ರ ಮುಂಬೈ ದಾಳಿ. ರಕ್ಷಣಾ ತರಬೇತಿ ಶತ್ರುಭಯದಿಂದ ಹುಟ್ಟಿತು, ಪ್ರವಾಹ, ಕಟ್ಟಡ ಕುಸಿತ ಮೊದಲಾದವು ಆಮೇಲೆ ಅದಕ್ಕೆ ಸೇರಿಕೊಂಡವು ಎಂಬುದು ಇದರ ತಾತ್ಪರ್ಯ. ವಿಧಾನಸೌಧದ ಕಡತಗಳಿಂದ ಇತಿಹಾಸ ಬರೆದರೆ ಇಷ್ಟೇ ಸಿಗುತ್ತದೆ. ಕಬ್ಬೂರ, ಚಿಕ್ಕೋಡಿ, ನಿಪ್ಪಾಣಿ ಕಡೆಯಿಂದ ನೋಡಿದರೆ ಈ ವಂಶಾವಳಿಯ ಮೊದಲ ಹೆಸರೇ ತಪ್ಪು.

1962ರಲ್ಲಿ ಮೈಸೂರು ಶಾಸನಸಭೆ ಗೃಹರಕ್ಷಕ ದಳದ ಕಾಯ್ದೆ ಮಾಡಿತು, ನಿಜ. ಆದರೆ ಗೃಹರಕ್ಷಕ ದಳ ಹುಟ್ಟಿದ್ದು 1946ರ ಡಿಸೆಂಬರ್ 6ರಂದು, ಮುಂಬೈ ಪ್ರಾಂತ್ಯದಲ್ಲಿ, ಮೊರಾರ್ಜಿ ದೇಸಾಯಿ ಅಲ್ಲಿ ಗೃಹಮಂತ್ರಿಯಾಗಿದ್ದಾಗ. ಮರುವರ್ಷ, 1947ರಲ್ಲಿ, ಮುಂಬೈ ಹೋಮ್ ಗಾರ್ಡ್ಸ್ ಕಾಯ್ದೆ ಬಂತು. ಚಿಕ್ಕೋಡಿ ಆಗ ಅದೇ ಪ್ರಾಂತ್ಯದ ಬೆಳಗಾವಿ ಜಿಲ್ಲೆಯ ತಾಲೂಕು. ಇಂದಿಗೂ ಡಿಸೆಂಬರ್ 6ರಂದೇ ದಳದ ಸಂಸ್ಥಾಪನಾ ದಿನ ಆಚರಿಸುತ್ತಾರೆ. ವೇದಿಕೆಯ ಮೇಲೆ ಆ ತಾರೀಖು, ಲೇಖನದಲ್ಲಿ 1962! (ಎರಡಕ್ಕೂ ಹೇಗೆ ತಾಳೆಯಾಗುತ್ತದೆ ಎಂದು ಭಾಷಣಕಾರರಾಗಲಿ ಲೇಖಕರಾಗಲಿ ಕೇಳಿಕೊಂಡಂತಿಲ್ಲ.)

1956ರ ನವೆಂಬರ್ 1ರಂದು ಈ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತಲ್ಲ, ಹಳೆಯ ಕಾನೂನು ಅಂದೇ ಬಿದ್ದುಹೋಯಿತಲ್ಲ ಎಂಬುದು ಪ್ರತಿವಾದಿಗಳ ಮುಖ್ಯ ಆಧಾರ. ಹೀಗನ್ನುವವರು ರಾಜ್ಯ ಪುನರ್ವಿಂಗಡಣಾ ಕಾಯ್ದೆಯನ್ನು ಗಡಿರೇಖೆಗಳ ಪಟ್ಟಿಯವರೆಗೆ ಓದಿ ಮುಚ್ಚಿಟ್ಟಿರಬೇಕು. ಅದರ 119ನೇ ಕಲಮು ಸ್ಪಷ್ಟವಾಗಿದೆ: ಗಡಿ ಬದಲಾದ ಮಾತ್ರಕ್ಕೆ, ಅದುವರೆಗೆ ಒಂದು ಪ್ರದೇಶಕ್ಕೆ ಅನ್ವಯಿಸುತ್ತಿದ್ದ ಕಾನೂನಿನ ವ್ಯಾಪ್ತಿ ಬದಲಾಗದು, ಅಧಿಕಾರವುಳ್ಳ ಶಾಸನಸಭೆ ಬೇರೆ ವ್ಯವಸ್ಥೆ ಮಾಡುವವರೆಗೆ ಹಳೆಯದೇ ಮುಂದುವರಿಯುತ್ತದೆ. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಮುಂಬೈ ಕಾಯ್ದೆಗಳು ವರ್ಷಗಟ್ಟಲೆ ನಡೆದದ್ದು ಈ ಬಲದಿಂದಲೇ. ಕಂದಾಯದ ಚರಿತ್ರೆ ಬರೆಯುವವರಿಗೆ ಇದು ಬಾಯಿಪಾಠ. ಅದೇ ಕಲಮನ್ನು ಗೃಹರಕ್ಷಕ ದಳದ ವಿಷಯಕ್ಕೆ ಅನ್ವಯಿಸಲು ಮಾತ್ರ ಯಾರಿಗೂ ಹೊಳೆಯಲಿಲ್ಲ. ಹಾಗಾಗಿ ಈ ಸೀಮೆಯ ಮಟ್ಟಿಗೆ 1962 ಆರಂಭದ ವರ್ಷವಲ್ಲ, ಕಾಯ್ದೆಯ ಯಜಮಾನ ಬದಲಾದ ವರ್ಷ. ಕಾಯ್ದೆ ಇದ್ದಲ್ಲೆಲ್ಲ ದಳವೂ ಕವಾಯತು ಮಾಡುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ನನ್ನ ತಕರಾರು ಕಾಲಗಣನೆಯದು.

ಮುಂಬೈ ದಳ ಕೋಮುಗಲಭೆ ಹತ್ತಿಕ್ಕಲು ಹುಟ್ಟಿದ್ದು, ವಿಪತ್ತು ರಕ್ಷಣೆಗೂ ಅದಕ್ಕೂ ಏನು ಸಂಬಂಧ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಗಲಭೆಯ ಹಿನ್ನೆಲೆಯನ್ನು ಒಪ್ಪುತ್ತೇನೆ. ಆದರೆ ಕಾಯ್ದೆ ದಳಕ್ಕೆ ವಹಿಸಿದ ಹೊಣೆ ಜನರ ರಕ್ಷಣೆ, ಆಸ್ತಿಯ ಭದ್ರತೆ, ಸಾರ್ವಜನಿಕ ಸುರಕ್ಷತೆ. ಅಲ್ಲಿ ಶತ್ರುವಿನ ಸುಳಿವಿಲ್ಲ. ಇನ್ನು ಕೇಂದ್ರ ಸರಕಾರ 1957ರ ಏಪ್ರಿಲ್ 29ರಂದು ನಾಗಪುರದಲ್ಲಿ ತೆರೆದದ್ದು ತುರ್ತು ಪರಿಹಾರ ತರಬೇತಿ ಸಂಸ್ಥೆ. ಚೀನಾ ಯುದ್ಧಕ್ಕೆ ಇನ್ನೂ ಐದು ವರ್ಷವಿತ್ತು. ವಿಪತ್ತಿನಲ್ಲಿ ಪರಿಹಾರದ ಹೊಣೆ ಹೊರುವ ಅಧಿಕಾರಿಗಳನ್ನು ತಯಾರು ಮಾಡುವುದು ಅದರ ಕೆಲಸವಾಗಿತ್ತು. 1968ರಲ್ಲಿ ಅದು ರಾಷ್ಟ್ರೀಯ ಪೌರ ರಕ್ಷಣಾ ಕಾಲೇಜಾಯಿತು. ಯುದ್ಧ ನಡುವೆ ಬಂದು ಸೇರಿಕೊಂಡದ್ದು. 2005ರ ವಿಪತ್ತು ನಿರ್ವಹಣಾ ಕಾಯ್ದೆ, ಪೌರ ರಕ್ಷಣಾ ಕಾಯ್ದೆಗೆ 2009ರಲ್ಲಾದ ತಿದ್ದುಪಡಿ ಹೊಸ ದಾರಿ ತೆರೆದವು ಎಂದು ಕೊಂಡಾಡುವವರು ನಾಗಪುರದ ಈ ಹನ್ನೊಂದು ವರ್ಷಗಳನ್ನು ಲೆಕ್ಕಕ್ಕೇ ಹಿಡಿದಿಲ್ಲ.

ಪಾಠಕ್ರಮವೂ ಇದಕ್ಕೆ ಸಾಕ್ಷಿ. ಕುಸಿದ ಕಟ್ಟಡದ ರಕ್ಷಣೆಯನ್ನು ಐದು ಹಂತಗಳಲ್ಲಿ ಕಲಿಸುತ್ತಾರೆ: ಮೇಲೆ ಕಾಣುವ ಗಾಯಾಳುಗಳನ್ನು ಸಾಗಿಸುವುದು, ಅಲ್ಪಸ್ವಲ್ಪ ಸಿಕ್ಕಿಕೊಂಡವರನ್ನು ಬಿಡಿಸುವುದು, ಬದುಕಿರಬಹುದಾದ ಎಡೆಗಳನ್ನು ಹುಡುಕುವುದು, ಆಯ್ದ ಕಡೆ ಅವಶೇಷ ತೆಗೆಯುವುದು, ಕಡೆಗೆ ಪೂರ್ತಿ ತೆರವು. ಮೂರನೆಯ ಹಂತದಲ್ಲಿ ಯಂತ್ರಗಳೆಲ್ಲ ನಿಲ್ಲಬೇಕು. ಸುತ್ತ ನಿಂತವರು ಮಾತು ಬಿಡಬೇಕು. ಒಬ್ಬ ಕೂಗುತ್ತಾನೆ, ಉಳಿದವರು ಕಿವಿಗೊಡುತ್ತಾರೆ. ದನಿ ಬಂದ ದಿಕ್ಕನ್ನು ಗುರುತು ಹಾಕಿಕೊಳ್ಳುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದ ಬ್ರಿಟನ್ನಿನ ಊರುಗಳಲ್ಲಿ ಪಳಗಿದ ಕ್ರಮವಿದು. ಹಾಗಾದರೆ ಮೂಲ ಯುದ್ಧವೇ ಆಯಿತಲ್ಲ ಎನ್ನಬಹುದು. ವಿದ್ಯೆ ಎಲ್ಲಿಂದ ಬಂತೆಂಬುದು ಒಂದು ಪ್ರಶ್ನೆ, ಇಲ್ಲಿ ಅದನ್ನು ಯಾತಕ್ಕೆ ಕಲಿಸಿದರೆಂಬುದು ಬೇರೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತಾಗ ಅವಶೇಷದಡಿ ಜೀವ ಹುಡುಕಲು ಬೇಕಾದದ್ದು ಇದೇ ವಿದ್ಯೆ. ಅಲ್ಲಿ ಬಾಂಬೂ ಇರಲಿಲ್ಲ, ಶತ್ರುವೂ ಇರಲಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ ಯಡೂರ, ಕಲ್ಲೋಳ, ಮಾಂಜರಿ ಕಡೆಯ ಜನಕ್ಕೆ ಬೇಕಾದದ್ದು ದೋಣಿ, ಹಗ್ಗ ಮತ್ತು ಹಗ್ಗಕ್ಕೆ ಸರಿಯಾದ ಗಂಟು ಹಾಕಬಲ್ಲ ಕೈ.

ಒಂದು ತಿದ್ದುಪಡಿಯನ್ನು ನಾನೇ ಸೇರಿಸಬೇಕು. ಚಿಕ್ಕೋಡಿಗೆ ಹೇಳಿದ್ದು ರಾಯಬಾಗಕ್ಕೆ ಹಾಗೆಯೇ ಹೊಂದುವುದಿಲ್ಲ. ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನ ಮುಂಬೈಯಲ್ಲಿ ವಿಲೀನವಾದದ್ದು 1949ರ ಮಾರ್ಚ್ 1ರಂದು. ಅದಕ್ಕೂ ಮೊದಲು ಮುಂಬೈ ಕಾಯ್ದೆ ಅಲ್ಲಿಗೆ ಕಾಲಿಡುವಂತಿರಲಿಲ್ಲ. ಕಬ್ಬೂರಕ್ಕೆ ಹತ್ತಿರದ ಈ ನೆರೆಯ ತಾಲೂಕಿಗೇ ಬೇರೆ ಕಾಲಗಣನೆ ಬೇಕಾಗುವಾಗ ಇಡೀ ಕರ್ನಾಟಕಕ್ಕೆ ಒಂದೇ ವರ್ಷವನ್ನು ಗೊತ್ತುಮಾಡಿದವರು ಯಾವ ನಕ್ಷೆಯನ್ನು ಎದುರಿಗಿಟ್ಟುಕೊಂಡಿದ್ದರೋ!